ಕಿಟಕಿ ಪಕ್ಕದ ನಗು

ಮಾರ್ಚ್ ೧೨, ಗುರುವಾರ

ಕೆಲಸಕ್ಕೆ ಕೂರುವ ಮೊದಲು ಅಕ್ಕ ತಾವು ಹೊದ್ದಿದ್ದ ಕೆಂಪು ಶಾಲನ್ನು ಬಾಗಿಲಾಚೆ ನೇತುಹಾಕಿದ್ದನ್ನು ಬೆಳಿಗ್ಗೆ ಗಮನಿಸಿದೆ. ಅದರ ಕೆಂಪು ಛಾಯೆ ಕಂಪ್ಯೂಟರ್ ಪರದೆಯ ಮೇಲೆ ಬೀಳಬಾರದಂತೆ. ನಾವೆಲ್ಲ ಅಕ್ಕ ಎಂದು ಕರೆಯುವ ಅವರು ನಮ್ಮ ಸ್ಟುಡಿಯೋದಲ್ಲಿ ವಿಡಿಯೋಗಳ ಬಣ್ಣ ತಿದ್ದುವವರು. ನಾನು ಸಬ್‌ಟೈಟಲ್ ಬರೆಯುವವಳು.

ಇವತ್ತು ಬಂದದ್ದು ತೀರಿಕೊಂಡ ನರ್ಸೊಬ್ಬರ ನೆನಪಿನ ವಿಡಿಯೋ. ಅವರು ನಗುವುದು ಒಂದೇ ಶಾಟ್‌ನಲ್ಲಿ, ಕಿಟಕಿಯ ಪಕ್ಕ. ಯಾವ ಬಣ್ಣ ಏನಾಗಬೇಕೆಂದು ಮೊದಲೇ ಗೊತ್ತುಮಾಡಿಟ್ಟ ಕೋಷ್ಟಕ, ಅದೇ ಲಟ್, ಅದನ್ನು ಎಡಿಟರ್ ಹಾಕಿದ್ದೇ ತಡ, ಕೆನ್ನೆ ಸುಣ್ಣ ಬಳಿದಂತಾಯಿತು.

"ಈ ಶಾಟ್ ಎತ್ತಾಕೋಣ," ಎಂದರು ಎಡಿಟರ್. ಆ ನರ್ಸ್ ಅವರ ಮಗಳು ನಮ್ಮ ಹಿಂದೆ ಕೂತಿದ್ದಳು; ಅವಳ ಮುಖ ಬಾಡಿತು.

"ನಿಮಗೆ ಕತ್ತರಿ ಒಂದಿದ್ರೆ ಸಾಕಪ್ಪ," ಎಂದ ಅಕ್ಕ ನನ್ನತ್ತ ತಿರುಗಿದರು. "ನೀನ್ ಹೇಳಮ್ಮ, ಮೊದ್ಲು ಹೇಗಿತ್ತು?"

"ಕೆನ್ನೇಲಿ ಗುಳಿ ಕಾಣ್ತಿತ್ತು," ಎಂದೆ, ಮೆಲ್ಲಗೆ.

ಅಕ್ಕ ಲಟ್‌ಗಿಂತ ಮುಂಚಿನ ಹಂತದಲ್ಲೇ ಸಾಫ್ಟ್ ಕ್ಲಿಪ್ ಎಂಬ ತಿದ್ದುಪಡಿ ಇಟ್ಟರು. ಅದು ಅತಿ ಬೆಳಕನ್ನು ಒಮ್ಮೆಲೇ ಕಡಿಯದೆ ನಯವಾಗಿ ತಗ್ಗಿಸುತ್ತದೆ. ಗುಳಿ ನಿಧಾನವಾಗಿ ಮೂಡಿತು.

"ಹಾಂ, ಇದೇ ನಮ್ಮಮ್ಮ," ಎಂದಳು ಮಗಳು.

ಅಬ್ಬ, ಎಂಥ ಕೈ. ಕಣ್ಣು ಮುಚ್ಚಿದರೂ ಆ ಗುಳಿಯೇ ಕಾಣುತ್ತಿದೆ. ಟೀಚರ್ ಕೆಲಸ ನೋಡಿಕೋ ಎನ್ನುವ ಅಪ್ಪನಿಗೆ ಏನು ಹೇಳುವುದೋ ತಿಳಿಯದು. ಆದರೆ ನಾಳೆ ನನ್ನ ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡು, ನನಗೂ ಕಲಿಸಿ ಎಂದು ಕೇಳುತ್ತೇನೆ.