ಕೊಳವೆ ಬಾಯಿಯ ನೀರು

ಶಿವಾಲ, ವಾರಾಣಸಿ
೧೪-೮-೧೯೯೩

ಜನರಲ್ ಮ್ಯಾನೇಜರ್ ಶ್ರೀ ಸುಧನ್ವ ಅವರಿಗೆ,

ನಿಮ್ಮ ಸಾಬೂನು ಕಂಪನಿಯ ವಾರ್ಷಿಕ ವರದಿ ತಲುಪಿತು. ಲಾಭದ ಪುಟದ ಎದುರಿಗೇ ‘ಗಂಗೆಗೆ ನಮ್ಮ ಕಾಣಿಕೆ’ ಎಂಬ ಪುಟವಿದೆ. ಚಿತ್ರ, ನಿಮ್ಮ ಕಾರ್ಖಾನೆಯ ಕೊಳವೆ ನದಿಗೆ ಸೇರುವ ಜಾಗದ್ದು. ಅದರ ಕೆಳಗೆ ‘ನೀರು ಶುದ್ಧ’ ಎಂದು ನನ್ನ ಹೆಸರು ಹಾಕಿ ಅಚ್ಚು ಮಾಡಿದ ಅಂಕಿಗಳು ಕೊಳವೆಗಿಂತ ಎರಡು ಮೈಲಿ ಮೇಲಿನ ನೀರಿನವು. ಕೊಳವೆ ಬಾಯಿಯ ನೀರನ್ನೂ ಪರೀಕ್ಷಿಸಿ ಕೊಟ್ಟಿದ್ದೆನಲ್ಲ, ಆ ಅಂಕಿಗಳು ಎಲ್ಲೂ ಇಲ್ಲ. ಓದಿ ಹೇಸಿಗೆಯಾಯಿತು.

ಹೋದ ಸಲ ನಮ್ಮ ಮನೆಗೆ ಊಟಕ್ಕೆ ಬಂದವರು, ಹಾಸಿಗೆ ಹಿಡಿದ ನಿಮ್ಮ ತಾಯಿಗೆಂದು ತಾಮ್ರದ ಗಿಂಡಿ ಕೊಟ್ಟು, “ಪ್ರೇಮಕ್ಕ, ಕೊನೆಗಾಲಕ್ಕೆ ಅಮ್ಮನ ಬಾಯಿಗೆ ಬಿಡೋ ಗಂಗೆ. ನಮ್ಮ ಕೊಳವೆ ಹತ್ರ ಮಾತ್ರ ತುಂಬಬೇಡಿ, ಮೇಲಿಂದ ತನ್ನಿ” ಎಂದಿರಿ. ಆಗ ನಕ್ಕಿದ್ದೆ. ಈಗ ಆ ನಗುವಿಗೂ ನಾಚಿಕೆಯಾಗುತ್ತಿದೆ.

ನನ್ನ ಹೆಸರು ತೆಗೆದು, ಷೇರುದಾರರಿಗೆಲ್ಲ ತಿದ್ದುಪಡಿ ಕಳಿಸಿ. ನೀವು ಕೊಟ್ಟ ಸಾಬೂನಿನ ಪೆಟ್ಟಿಗೆ ವಾಪಸ್ ಬರುತ್ತಿದೆ. ಗಿಂಡಿಯೂ ಅದರಲ್ಲೇ ಇದೆ, ಖಾಲಿ. ವರದಿಯ ಮಾತು ನಿಜವಾದರೆ, ಚಿತ್ರದಲ್ಲಿರುವ ಜಾಗದಲ್ಲೇ ತುಂಬಿಕೊಂಡು ಹೋಗಿ ತಾಯಿಯ ಬಾಯಿಗೆ ನೀವೇ ಬಿಡಿ.

ಇಂತು,
ಪ್ರೇಮಾ
ರಸಾಯನಶಾಸ್ತ್ರ ವಿಭಾಗ