ಹಿತ್ತಲ ಗೋಡೆಯ ಸಂದು

ರಾಮನಗರ
೧೪ ನವೆಂಬರ್ ೧೯೮೬

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗೆ ಮಲಗಿರುವ ಶುನಕ ಮಹಾಶಯರೇ, ಮತ್ತು ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಹೊಸ ಒಲೆ ಹೂಡಿ ಕೂತಿರುವ ಗೆಳೆಯ ವಹಾಬನೇ,

ತಡವಾಯಿತು, ಕ್ಷಮಿಸು. ನಿನ್ನ ಎರಡು ಕಾಗದವೂ ಬಂದವು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಪೆನ್ನಿನ ಮುಚ್ಚಳ ಹಾಕಿ ಎದ್ದೆ. ನನಗೊಪ್ಪಿಸಿ ಹೋದ ನಿನ್ನ ರೇಷ್ಮೆ ಶೆಡ್ಡು ನಡೆಯುತ್ತಿದೆ. ಗೂಡು ಬೇಯುತ್ತಿದೆ, ಚರಕ ತಿರುಗುತ್ತಿದೆ. ನಿನ್ನ ಮನೆಯವರು ಸಲಾಂ ಹೇಳಿದ್ದಾರೆ. ಮಗಳು ಮುನ್ನೀ ವಿಷಯ ಆಮೇಲೆ.

ಬೀದಿಯ ಸುದ್ದಿಯೆಂದರೆ ನಾಯಿ. ಹನ್ನೊಂದಿವೆ. ಮೊದಲು ಒಂದೊಂದಾಗಿ ಬಂದು ಬೊಗಳುತ್ತಿದ್ದವು. ಈಗ ಶಾಲೆಗೆ ಹೋಗುವ ಮಕ್ಕಳ ಹಿಂದೆ ಒಟ್ಟಿಗೆ ನಡೆಯುತ್ತವೆ, ಬೊಗಳುವುದೇ ಇಲ್ಲ.

ತಡೆಯುವ ಹೊಣೆ ಯಾರದೆಂದು ಕೇಳಲು ಹೊರಟೆ. ಪುರಸಭೆ ಕಚೇರಿಯಲ್ಲಿ, "ನಾಯಿ ಅಂದ್ರೆ ಪ್ರಾಣಿ ಅಲ್ವಾ ಸಾರ್, ಪಶು ಡಾಕ್ಟ್ರುನ್ನ ನೋಡಿ" ಅಂದರು. ಡಾಕ್ಟರು, "ಕಾಯ್ಲೆ ಬಿದ್ರೆ ನಮ್ದು, ಬೀದಿಗೆ ಬಿದ್ರೆ ಅವ್ರದು" ಅಂದರು. ಬಿ.ಎ. ಓದಿದ್ದಕ್ಕಾದರೂ ಒಂದು ಮನವಿ ಬರೆದೆ:

ಬೀದಿ ನಮ್ಮದಲ್ಲ, ನಾಯಿ ನಮ್ಮದಲ್ಲ,
ಕಚ್ಚಿದ ಹಲ್ಲಂತೂ ಯಾರದೂ ಅಲ್ಲ.

ಎದುರುಮನೆ ಹುಚ್ಚಯ್ಯ ಓದಿಸಿ ಕೇಳಿಸಿಕೊಂಡು ಅಂದ, "ಪದ ಚೆಂದಾಗೈತೆ ಕಣ್ಲಾ ನಂಜುಂಡ. ನಾಯಿಗೋಳ್ ಮುಂದೆ ಒಸಿ ಹಾಡ್ಬುಡು, ಊರೇ ಬುಟ್ಟು ಓಡೋಯ್ತವೆ!"

ನೂಲು ತೆಗೆಯುವ ದೊಡ್ಡಲಕ್ಷ್ಮಮ್ಮ ಮಾತ್ರ ನಗಲಿಲ್ಲ. "ಊರೆಲ್ಲಾ ಯಾಕ್ ಕೇಳ್ತಾ ತಿರುಗ್ತೀಯಪ್ಪಾ? ಅವು ನಮ್ ಶೆಡ್ಡಿನ ಹಿಂದ್ಗಡೆಯಿಂದ್ಲೇ ಬರೋದು. ಹೋಗ್ ನೋಡು."

ನಾನು ಹೋಗಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಇದನ್ನು ಶೆಡ್ಡಿನಲ್ಲಿ ಕೂತು ಬರೆಯುವಾಗಲೂ ಹಿತ್ತಲ ಗೋಡೆಯಾಚೆ ಉಗುರು ಕೆರೆಯುವ ಸದ್ದು. ಗಂಟೆ ನಾಲ್ಕಾಗಿರಬೇಕು.

ದೇವರು ನಿನ್ನನ್ನೂ ನಿನ್ನ ಹೊಸ ಒಲೆಯನ್ನೂ ತಣ್ಣಗಿಡಲಿ ಎಂದರೆ ಒಲೆಗೆ ಶಾಪವಾದೀತು, ನಿನ್ನನ್ನಷ್ಟೇ ತಣ್ಣಗಿಡಲಿ. ಬೇಗ ಬಾ.

ನಿನ್ನ,
ನಂಜುಂಡಯ್ಯ

ಮರೆತಂತೆ ನಟಿಸಿದ್ದು: "ನೂಲು ತೆಗೆದ ಮೇಲೆ ಉಳಿಯೋ ಬೆಂದ ಹುಳು ಗುಂಡಿಗೆ ಹಾಕಿ ಮಣ್ಣು ಮುಚ್ಚು, ಗೋಡೆ ಸಂದಿಗೆ ಇಟ್ಟಿಗೆ ಕಟ್ಟಿಸು" ಎಂದು ಬಸ್ಸು ಹತ್ತುವಾಗ ನೀನು ಎರಡೆರಡು ಸಲ ಹೇಳಿದ್ದೆ. ನಾನು ಎರಡನ್ನೂ ಮಾಡಲಿಲ್ಲ. ದಿನಾ ನಾಲ್ಕಕ್ಕೆ ಬುಟ್ಟಿ ತುಂಬ ಹುಳುವನ್ನು ಆ ಸಂದಿನಲ್ಲಿ ನಾನೇ ಸುರಿದೆ. ನಾಯಿಗಳು ಬಾಲ ಆಡಿಸುತ್ತಿದ್ದವು. ನನ್ನ ಪ್ರಾಸಕ್ಕೆ ಇನ್ನಾರು ತಲೆದೂಗುತ್ತಿದ್ದರು?

ದೀಪಾವಳಿಗೆ ಗೂಡಿನ ಮಾರುಕಟ್ಟೆ ಮೂರು ದಿನ ಮುಚ್ಚಿತ್ತು. ಗೂಡಿಲ್ಲ, ಹುಳುವಿಲ್ಲ. ಮೂರನೇ ದಿನ ಶೆಡ್ಡು ತೊಳೆಸುತ್ತಿದ್ದೆ. ಆಡಲು ಬಂದಿದ್ದ ಮುನ್ನೀ ಕೈಗೆ ಆ ಬುಟ್ಟಿ ಕೊಟ್ಟು, "ಹಿತ್ತಲ ನಲ್ಲಿಯಲ್ಲಿ ತೊಳೆದು ತಾ ಕಂದಾ" ಅಂದೆ. ಆಗ ನಾಲ್ಕು ಗಂಟೆ. ಅವು ಬುಟ್ಟಿಯನ್ನು ನೋಡಿದವು. ಬುಟ್ಟಿ ಖಾಲಿಯಿತ್ತು.

ತೊಡೆ, ಎಡಗೈ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯಲ್ಲಿ ಹನ್ನೊಂದು ಮುಗಿದಿವೆ. ಉಳಿದದ್ದನ್ನು ಕಾಲವೇ ಹೇಳಬೇಕು ಎಂದರು ಡಾಕ್ಟರು. "ಅವ್ರಿಗೆ ನೀವೇ ಬರೀರಿ ಅಣ್ಣಾ" ಅಂದರು ನಿನ್ನ ಮನೆಯವರು ವಜೀರಮ್ಮ. ಸಂದಿಗೆ ಮಾರನೆಯ ದಿನವೇ ಇಟ್ಟಿಗೆ ಕಟ್ಟಿಸಿದೆ. ವಜೀರಮ್ಮನವರ ಬಳಿ ಬೀದಿನಾಯಿ ಕಚ್ಚಿತು ಎಂದಷ್ಟೇ ಹೇಳಿದ್ದೇನೆ.

ಬೀದಿನಾಯಿಯಲ್ಲ ವಹಾಬ್. ನಾನು ಸಾಕಿದ್ದು.