ಹೊರಗಿನಿಂದ ಹಾಕಿದ ಬೀಗ

ಮುನಿರಾಜಣ್ಣ,

ನೀನು ಹೋಗಿ ಹದಿನೈದು ದಿನವಾಯಿತು. ನಿನ್ನೆ ಮಾಲೀಕರು ನಮ್ಮ ಶೆಡ್ಡಿನಲ್ಲೇ ಶ್ರದ್ಧಾಂಜಲಿ ಸಭೆ ಮಾಡಿಸಿದರು. ಎಪ್ಪತ್ತೊಂದರ ಯುದ್ಧವೀರ ಎಂದು ಹೊಗಳಿದರು. ನಿನ್ನನ್ನು ಕೆಲಸದಿಂದ ಕಿತ್ತುಹಾಕಿದ್ದೂ ಇದೇ ಬಾಯಿ.

ನೌಕಾಪಡೆ ಬಿಟ್ಟು ನೀನು ಪೀಣ್ಯದ ಈ ಕಾರ್ಖಾನೆಗೆ ಬಂದ ಮೊದಲ ದಿನ. ಶಿಫ್ಟ್ ಶುರುವಾದ ಕೂಡಲೇ ವಾಚ್‌ಮನ್ ಹೊರಗಿನಿಂದ ಬೀಗ ಜಡಿದ. "ಇದ್ಯಾಕೆ ಮೇಷ್ಟ್ರೇ?" ಎಂದು ನೀನು ಕೇಳಿದೆ. ಪೇಪರ್ ಹಿಡಿದು ಕೂತಿದ್ದ ನನಗೆ ಅವತ್ತೇ ನೀನಿಟ್ಟ ಹೆಸರು ಅದು. ಮಾಲು ಕದಿಯಬಾರದಲ್ಲ, ಅದಕ್ಕೆ ಎಂದೆ ನಾನು. ನೀನು ನಕ್ಕೆ. ಹಡಗಿನಲ್ಲೂ ನಿಮ್ಮನ್ನು ಹೀಗೇ ಮುಚ್ಚುತ್ತಿದ್ದರಂತೆ.

ಊಟದ ಹೊತ್ತಿನಲ್ಲಿ ನೀನು ಯುದ್ಧದಲ್ಲಿದ್ದ ಡಿಸ್ಟ್ರಾಯರ್ ಹಡಗಿನ ಕಥೆ ಹೇಳುತ್ತಿದ್ದೆ. ನೀರಿನ ಮಟ್ಟಕ್ಕಿಂತ ಕೆಳಗೆ ಬಾಯ್ಲರ್ ರೂಮು. ಮೇಲೆ ತೋಪು ಹಾರಿದರೆ ಕಾಲಡಿಯ ಕಬ್ಬಿಣ ನಡುಗುವುದು. ಹೊಡೆದವರು ನಮ್ಮವರೋ ಅವರೋ, ಕೆಳಗಿದ್ದವರಿಗೆ ತಿಳಿಯದು. ನೀರು ನುಗ್ಗಿದರೆ ಇಡೀ ಹಡಗು ಮುಳುಗಬಾರದೆಂದು ನಿಮ್ಮ ತಲೆಯ ಮೇಲಿನ ಬಾಗಿಲನ್ನು ಮೇಲಿನಿಂದ ಬಿಗಿಯುತ್ತಿದ್ದರು. ಆದರೆ ಬಿಗಿದವನು ಅಲ್ಲಿಂದ ಕದಲುವಂತಿರಲಿಲ್ಲ. ಆಗಾಗ ಸ್ಪ್ಯಾನರಿನಿಂದ ಎರಡು ಸಲ ಬಡಿಯುತ್ತಿದ್ದ. ನೀವೂ ಕೆಳಗಿನಿಂದ ಎರಡು ಸಲ ಬಡಿಯುತ್ತಿದ್ದಿರಿ.

"ಆ ಎರಡೇಟು ಕೇಳಿದ್ರೆ ಸಾಕು ಮೇಷ್ಟ್ರೇ, ಸಾಯಾಕೂ ಭಯ ಇರ್ತಿರ್ಲಿಲ್ಲ. ಇಲ್ಲಿ ಬೀಗ ಆಕ್ದೋನು ಎಲ್ಲವ್ನೆ?"

ವಾಚ್‌ಮನ್ ಟೀ ಅಂಗಡಿಯಲ್ಲಿದ್ದ. ಪೇಂಟ್ ಡ್ರಮ್ಮಿಗೆ ಬೆಂಕಿ ಹತ್ತಿದ ದಿನವೂ ಅಲ್ಲೇ ಇದ್ದ. ನಾವು ಬಾಗಿಲು ಗುದ್ದುತ್ತ ಅಳುತ್ತಿದ್ದಾಗ ನೀನು ಸುತ್ತಿಗೆ ತಂದು ಬಾಗಿಲ ಕೀಲುಗಳನ್ನೇ ಒಡೆದೆ. ಎಲ್ಲರನ್ನೂ ದಾಟಿಸಿ ಕೊನೆಗೆ ಹೊರಬಂದೆ. ಆಮೇಲೆ ವರ್ಷವಿಡೀ ಕೆಮ್ಮಿದೆಯಲ್ಲ, ಆ ಹೊಗೆ ನಿನ್ನ ಎದೆಯಲ್ಲೇ ಉಳಿದಿತ್ತೇ?

ಕಂಪನಿಯ ಆಸ್ತಿ ಹಾಳುಮಾಡಿದನೆಂದು ನಿನ್ನ ಮೇಲೆ ವಿಚಾರಣೆ ನಡೆಯಿತು. ವಾಚ್‌ಮನ್ ಎಲ್ಲಿದ್ದ ಎಂದು ನನ್ನನ್ನು ಕೇಳಿದರು. "ಗೊತ್ತಿಲ್ಲ ಸಾರ್" ಎಂದೆ. ಅಷ್ಟೆಲ್ಲ ಓದಿದವನು, ಒಂದೇ ಒಂದು ನಿಜ... ನೀನು ನನ್ನ ಮುಖ ನೋಡಿದೆ. ರಾಜಗೋಪಾಲನಗರದ ಮನೆ ಕಡೆ ನಡೆದುಬಿಟ್ಟೆ. ಬೈಯಬಾರದಿತ್ತೇ, ಅಣ್ಣ?

ನಿನ್ನೆ ನಿನ್ನ ಫೋಟೊ ಎಲ್ಲಿ ತೂಗುಹಾಕಿದರು ಗೊತ್ತೇ? ಅದೇ ಬಾಗಿಲ ನೆತ್ತಿಗೆ. ಹಾರ, ಊದುಬತ್ತಿ ಎಲ್ಲ ಆಯಿತು. ಮಾಲೀಕರು ಹೊರಗೆ ಹೋದರು, ಹಿಂದೆಯೇ ಬೀಗ ಬಿತ್ತು. ಎಲ್ಲರ ಎದುರು ನಾನು ಸ್ಪ್ಯಾನರ್ ತೆಗೆದುಕೊಂಡು ಬಾಗಿಲಿಗೆ ಎರಡು ಸಲ ಬಡಿದೆ. ಹೊರಗಿನಿಂದ ಸದ್ದಿಲ್ಲ. ಮತ್ತೆ ಬಡಿದೆ. ಯಾರೂ ಇರಲಿಲ್ಲ.

ನಾಳೆ ಬೆಳಿಗ್ಗೆಯಿಂದ, ಹೊರಗಿನಿಂದ ಬೀಗ ಹಾಕುವುದು ನಿಲ್ಲುವ ತನಕ, ನಾವ್ಯಾರೂ ಒಳಗೆ ಕಾಲಿಡುವುದಿಲ್ಲ. ಇವತ್ತು ಸಂಜೆ ಎಲ್ಲರೂ ಕೂತು ತೀರ್ಮಾನಿಸಿದೆವು. ವಿಚಾರಣೆಗೆ ಕರೆದರೆ ವಾಚ್‌ಮನ್ ಎಲ್ಲಿದ್ದನೆಂದು ಈ ಸಲ ಹೇಳುತ್ತೇನೆ. ಅಲ್ಲಿಯವರೆಗೆ ಬಾಗಿಲ ಹೊರಗೇ ನಿಂತಿರುತ್ತೇನೆ. ಕದಲುವುದಿಲ್ಲ.

ನಿನ್ನ ಮೇಷ್ಟ್ರು